ಬೆರಳಿನ ಒತ್ತಡದಿಂದ ನೋವಿನ ಉಪಶಮನ: ಮನೆಯಲ್ಲಿ ಆಕ್ಯುಪ್ರೆಷರ್‌ನ ಬಳಕೆ

ದೇಹದಲ್ಲಿ ಎಲ್ಲಿಯಾದರೂ ನೋವು ಕಾಣಿಸಿಕೊಂಡ ಕೂಡಲೇ ಮನುಷ್ಯನ ಕೈ ತಾನಾಗಿಯೇ ಅತ್ತ ಹೋಗುತ್ತದೆ. ತಲೆ ಸಿಡಿಯುವಾಗ ಬೆರಳುಗಳು ಕಣತಲೆಯನ್ನು ಒತ್ತುತ್ತವೆ. ದಿನವಿಡೀ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಬಂದವಳು ಎರಡೂ ಅಂಗೈಗಳಿಂದ ಸೊಂಟವನ್ನು ಅದುಮಿಕೊಳ್ಳುತ್ತಾಳೆ. ರಾತ್ರಿ ಮಲಗುವ ಮುನ್ನ ಅಜ್ಜನೋ ಅಜ್ಜಿಯೋ ಮೊಮ್ಮಕ್ಕಳನ್ನು ಕರೆದು ಕಾಲು ಒತ್ತಿಸಿಕೊಳ್ಳುವುದು ನಮ್ಮ ಮನೆಗಳಲ್ಲಿ ಹೊಸತೇನಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿಕೊಡುವುದಿಲ್ಲ. ಒತ್ತಿದರೆ ಹಿತವಾಗುತ್ತದೆ ಎಂಬ ಅನುಭವವೇ ಇದಕ್ಕೆ ಗುರು.

ಈ ಸಹಜ ಪ್ರವೃತ್ತಿಗೆ ಒಂದು ಕ್ರಮವನ್ನು ಕೊಟ್ಟು, ದೇಹದ ಇಂತಿಂಥ ಸ್ಥಾನಗಳಲ್ಲಿ ಇಂತಿಷ್ಟು ಹೊತ್ತು ಒತ್ತಬೇಕೆಂದು ಗೊತ್ತುಪಡಿಸಿದ ಪದ್ಧತಿಗೆ ಆಕ್ಯುಪ್ರೆಷರ್ ಎಂದು ಹೆಸರು. ಇದಕ್ಕೆ ಸೂಜಿಯಾಗಲೀ, ಔಷಧಿಯಾಗಲೀ, ಖರ್ಚಾಗಲೀ ಬೇಕಿಲ್ಲ. ಆದಕಾರಣವೇ ಇದು ಮನೆಮನೆಗೆ ಹರಡಿದೆ. ಆದಕಾರಣವೇ ಇದರ ಬಗ್ಗೆ ಅತಿಶಯೋಕ್ತಿಗಳೂ ಹರಡಿವೆ. ಅಂಗಾಲನ್ನು ಒತ್ತಿ ಸಿಹಿಮೂತ್ರರೋಗವನ್ನು ನಿವಾರಿಸಬಹುದು, ಕಿರುಬೆರಳನ್ನು ಹಿಂಡಿ ಹೃದಯಾಘಾತವನ್ನು ತಡೆಯಬಹುದು ಎಂಬಂತಹ ಮಾತುಗಳನ್ನು ಕೇಳಿದವರು ಅನೇಕರಿದ್ದಾರೆ. ಈ ಲೇಖನದಲ್ಲಿ ಆಕ್ಯುಪ್ರೆಷರ್ ಯಾವ ತೊಂದರೆಗಳಲ್ಲಿ ನಿಜವಾಗಿ ನೆರವಾಗಬಲ್ಲದು, ಅದನ್ನು ಮಾಡುವ ವಿಧಾನವೇನು, ಯಾವಾಗ ಕೈಯನ್ನು ಹಿಂತೆಗೆದು ವೈದ್ಯರ ಬಳಿಗೆ ಧಾವಿಸಬೇಕು ಎಂಬುದನ್ನು ತಿಳಿಸಲಾಗಿದೆ.

ಉಗಮ ಮತ್ತು ತತ್ತ್ವ

ಈ ಪದ್ಧತಿಯ ತವರು ಚೀನಾ ದೇಶ. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ಪರಿಗಣಿಸಲ್ಪಡುವ 'ಹ್ವಾಂಗ್ ದಿ ನೇಯ್ ಜಿಂಗ್' ಎಂಬ ಚೀನೀ ವೈದ್ಯಗ್ರಂಥದಲ್ಲಿ ಸೂಜಿಚಿಕಿತ್ಸೆಯ ವಿವರಣೆಯಿದೆ. ದೇಹದಲ್ಲಿ 'ಚೀ' ಎಂಬ ಪ್ರಾಣಶಕ್ತಿಯು ಕೆಲವು ನಿಶ್ಚಿತ ಮಾರ್ಗಗಳಲ್ಲಿ ಹರಿಯುತ್ತದೆ. ಆ ಹರಿವಿಗೆ ಅಡ್ಡಿಯುಂಟಾದಾಗ ನೋವು ಮತ್ತು ರೋಗ ತಲೆದೋರುತ್ತವೆ. ಮಾರ್ಗದ ಮೇಲಿನ ಬಿಂದುಗಳನ್ನು ಚುಚ್ಚಿ ಅಥವಾ ಒತ್ತಿ ಅಡ್ಡಿಯನ್ನು ನಿವಾರಿಸಬಹುದು ಎಂಬುದು ಅವರ ಸಿದ್ಧಾಂತ. ಸೂಜಿಯಿಂದ ಚುಚ್ಚುವುದು ಆಕ್ಯುಪಂಕ್ಚರ್. ಅದೇ ಬಿಂದುಗಳನ್ನು ಬೆರಳಿನಿಂದ ಒತ್ತುವುದು ಆಕ್ಯುಪ್ರೆಷರ್. ಜಪಾನಿನಲ್ಲಿ ಇದಕ್ಕೆ ಸಮೀಪವಾದ ಪದ್ಧತಿಯನ್ನು ಶಿಯಾಟ್ಸು ಎನ್ನುತ್ತಾರೆ. ಆ ಶಬ್ದಕ್ಕೆ ಬೆರಳೊತ್ತು ಎಂದೇ ಅರ್ಥ. ಬಿಂದುಗಳ ಹೆಸರು ಮತ್ತು ಸ್ಥಾನಗಳಲ್ಲಿ ದೇಶದಿಂದ ದೇಶಕ್ಕೆ ಇದ್ದ ವ್ಯತ್ಯಾಸಗಳನ್ನು ನಿವಾರಿಸುವ ಸಲುವಾಗಿ ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 361 ಬಿಂದುಗಳ ಸ್ಥಾನನಿರ್ದೇಶವನ್ನು ಪ್ರಕಟಿಸಿತು.

ಭಾರತಕ್ಕೆ ಈ ವಿದ್ಯೆ ಬಂದ ಕಥೆ ಸ್ವಾರಸ್ಯಕರವಾದುದು. 1938ರಲ್ಲಿ ಯುದ್ಧಪೀಡಿತ ಚೀನಾದ ಸೈನಿಕರ ಶುಶ್ರೂಷೆಗಾಗಿ ನಮ್ಮ ದೇಶದಿಂದ ತೆರಳಿದ ಐವರು ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರೊಂದಿಗೆ ಬಂಗಾಳದ ಡಾ. ಬಿಜಯ್ ಕುಮಾರ್ ಬಸು ಅವರೂ ಇದ್ದರು. ಕೋಟ್ನಿಸ್ ಅವರು 1942ರಲ್ಲಿ ಚೀನಾದಲ್ಲಿಯೇ ನಿಧನರಾದರು. ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೊಮ್ಮೆ ಚೀನಾಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು ಬಂದು ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು.

ನಮ್ಮ ಆಯುರ್ವೇದದಲ್ಲಿಯೂ ಸುಶ್ರುತ ಸಂಹಿತೆಯು 107 ಮರ್ಮಸ್ಥಾನಗಳನ್ನು ಹೇಳಿದೆ. ಇವೆರಡೂ ಒಂದೇ ಎಂದು ಕೆಲವರು ವಾದಿಸುವುದುಂಟು. ಆದರೆ ಸುಶ್ರುತನು ಮರ್ಮಗಳನ್ನು ವಿವರಿಸಿದ್ದು ಮುಖ್ಯವಾಗಿ ಪೆಟ್ಟು ಬಿದ್ದರೆ ಅಪಾಯವಾಗುವ ಸ್ಥಾನಗಳೆಂದು, ಶಸ್ತ್ರವೈದ್ಯನು ಅಲ್ಲಿ ಎಚ್ಚರದಿಂದಿರಲೆಂದು. ಮರ್ಮದ ಹೆಸರು ಹೇಳಿ ಸಿಕ್ಕಸಿಕ್ಕಲ್ಲಿ ಬಲವಾಗಿ ಅದುಮುವವರು ಈ ಮಾತನ್ನು ನೆನಪಿಡುವುದು ಒಳ್ಳೆಯದು.

ಪ್ರಾಣಶಕ್ತಿಯ ಮಾರ್ಗಗಳು ಶವಚ್ಛೇದದಲ್ಲಾಗಲೀ ಸೂಕ್ಷ್ಮದರ್ಶಕದಲ್ಲಾಗಲೀ ಇದುವರೆಗೆ ಕಂಡುಬಂದಿಲ್ಲ. ಆದರೂ ಒತ್ತಿದಾಗ ನೋವು ತಗ್ಗುವುದು ಏಕೆಂಬುದಕ್ಕೆ ಶರೀರಶಾಸ್ತ್ರವು ಒಂದು ವಿವರಣೆಯನ್ನು ಕೊಡಬಲ್ಲದು. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ನೋವಿನ ಸುದ್ದಿಯು ಮಿದುಳನ್ನು ತಲುಪುವ ಮುನ್ನ ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಬೇಕಾಗುತ್ತದೆ ಎಂಬ ವಾದವನ್ನು ಮಂಡಿಸಿದರು. ಸ್ಪರ್ಶ ಮತ್ತು ಒತ್ತಡದ ಸುದ್ದಿಯನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ ಆ ಬಾಗಿಲು ಅರೆಮುಚ್ಚುತ್ತದೆ. ತೆಳುವಾದ ತಂತುಗಳಲ್ಲಿ ಬರುವ ನೋವಿನ ಸುದ್ದಿ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಬಿದ್ದ ಮಗುವಿನ ಮೊಣಕಾಲನ್ನು ತಾಯಿ ಉಜ್ಜಿದೊಡನೆ ಅಳು ನಿಲ್ಲುವುದರ ಹಿಂದೆ ಮಮತೆಯ ಜೊತೆಗೆ ಈ ಕಾರಣವೂ ಇದೆ. ಇದಲ್ಲದೆ, ದೇಹವು ತಾನೇ ತಯಾರಿಸಿಕೊಳ್ಳುವ ನೋವುಶಾಮಕ ದ್ರವ್ಯಗಳುಂಟೆಂದು 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ತೋರಿಸಿಕೊಟ್ಟರು. ಒತ್ತಡವು ಅವುಗಳ ಸ್ರಾವಕ್ಕೂ ಪ್ರೇರಕವಾಗಬಹುದೆಂದು ಭಾವಿಸಲಾಗಿದೆ. ಬಿಗಿದುಕೊಂಡ ಮಾಂಸಖಂಡವು ಸಡಿಲಗೊಳ್ಳುವುದು, ಕೆಲವು ನಿಮಿಷ ಸುಮ್ಮನೆ ಕುಳಿತು ನಿಧಾನವಾಗಿ ಉಸಿರಾಡುವುದು, ತನ್ನವರೊಬ್ಬರ ಕೈ ಮೈಮೇಲಿರುವುದು, ಇವುಗಳ ಫಲವೂ ಅಲ್ಪವಲ್ಲ. ಗೊತ್ತಾದ ಬಿಂದುವನ್ನು ಬಿಟ್ಟು ಪಕ್ಕದಲ್ಲಿ ಒತ್ತಿದರೂ ಕೆಲವರಿಗೆ ಉಪಶಮನ ದೊರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದುದರಿಂದ ಬಿಂದು ಕೂದಲೆಳೆಯಷ್ಟು ತಪ್ಪಿತೆಂದು ಚಿಂತಿಸಬೇಕಾಗಿಲ್ಲ.

ಇಷ್ಟರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಒತ್ತಡದಿಂದ ತಗ್ಗುವುದು ನೋವು, ನೋವಿನ ಕಾರಣವಲ್ಲ. ಕಾರಣವು ಆಯಾಸ, ನಿದ್ರೆಗೇಡು, ಮಾಂಸಖಂಡದ ಬಿಗಿತ ಮುಂತಾದ ಸಾಮಾನ್ಯ ಸಂಗತಿಯಾಗಿದ್ದರೆ ನೋವು ತಗ್ಗಿಸಿದರೆ ಸಾಕು, ಉಳಿದುದನ್ನು ದೇಹವೇ ಸರಿಪಡಿಸಿಕೊಳ್ಳುತ್ತದೆ. ಕಾರಣವು ಬೇರೆಯಾಗಿದ್ದರೆ ಒತ್ತುತ್ತಾ ಕುಳಿತ ಪ್ರತಿಯೊಂದು ಗಳಿಗೆಯೂ ನಷ್ಟವೇ.

ಮೊದಲು ನೋವನ್ನು ವಿಚಾರಿಸಿರಿ

ಆದಕಾರಣ ಬಿಂದುಗಳನ್ನು ಕಲಿಯುವುದಕ್ಕೆ ಮೊದಲು, ಒತ್ತಲು ಕೂಡದ ನೋವುಗಳಾವುವು ಎಂಬುದನ್ನು ಮನೆಯ ವಯಸ್ಕರೆಲ್ಲರೂ ತಿಳಿದಿರತಕ್ಕದ್ದು.

ಎದೆಯ ನಡುವೆ ಭಾರ ಹೇರಿದಂತೆ ಅಥವಾ ಹಿಂಡಿದಂತೆ ನೋವು ಬಂದು, ಅದು ಎಡತೋಳು, ದವಡೆ ಅಥವಾ ಬೆನ್ನಿಗೆ ಹರಡಿ, ಬೆವರು, ಏದುಸಿರು, ವಾಕರಿಕೆ ಕಾಣಿಸಿಕೊಂಡರೆ ಅದು ಹೃದಯಾಘಾತವಿರಬಹುದು. ಸ್ತ್ರೀಯರಲ್ಲಿ ಮತ್ತು ಸಿಹಿಮೂತ್ರ ರೋಗಿಗಳಲ್ಲಿ ಎದೆನೋವು ಅಷ್ಟಾಗಿ ಇಲ್ಲದೆ ಬರಿಯ ಸುಸ್ತು, ಉಸಿರುಗಟ್ಟುವಿಕೆ, ಮೇಲುಹೊಟ್ಟೆಯ ಉರಿ ಇಷ್ಟೇ ಕಾಣಬಹುದು. ಇದನ್ನು ವಾಯುವೆಂದು ಭಾವಿಸಿ ಬೆನ್ನು ನೀವುತ್ತಾ ಕುಳಿತುಕೊಳ್ಳುವುದು ಬಹು ಅಪಾಯಕರ.

ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಬಲಹೀನವಾಗುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಚಿಹ್ನೆಗಳು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಲಕ್ವ ಹೊಡೆದ ಕೈಯನ್ನು ಎಣ್ಣೆ ಹಚ್ಚಿ ತಿಕ್ಕುವುದರಲ್ಲಿ, ಬೆರಳ ತುದಿಗಳನ್ನು ಚುಚ್ಚಿ ರಕ್ತ ತೆಗೆಯುವುದರಲ್ಲಿ ಈ ಅವಧಿ ಕಳೆದುಹೋದರೆ ಮುಂದೆ ಆಸ್ಪತ್ರೆ ಸೇರಿಯೂ ಅದೇ ಪ್ರಯೋಜನ ದೊರೆಯದು.

ಗರ್ಭಿಣಿಯರ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಐದು ತಿಂಗಳು ತುಂಬಿದ ಮೇಲೆ ಬರುವ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಂಚಿದಂತಾಗುವುದು, ಮುಖ ಮತ್ತು ಕೈಗಳ ಬಾವು, ಮೇಲುಹೊಟ್ಟೆಯ ನೋವು, ಇವು ರಕ್ತದೊತ್ತಡ ಏರಿರುವುದರ ಸೂಚನೆಗಳು. ಅದನ್ನು ಉಪೇಕ್ಷಿಸಿದಲ್ಲಿ ಗರ್ಭಿಣಿಗೆ ಸೆಳವು ಬಂದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರವಾಗಬಹುದು. ಚೊಚ್ಚಲ ಬಸುರಿ ತಲೆನೋವೆಂದು ಹೇಳಿದರೆ ಹಣೆಗೆ ಬೆರಳು ಹಚ್ಚುವ ಮೊದಲು ಅವಳ ರಕ್ತದೊತ್ತಡವನ್ನು ಅಳೆಯಿಸಬೇಕು. ಈ ಕೆಲಸ ಸಮೀಪದ ಆರೋಗ್ಯ ಕೇಂದ್ರದಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಹೊಕ್ಕುಳ ಸುತ್ತ ಆರಂಭವಾಗಿ ಬಲಗಡೆ ಕಿಬ್ಬೊಟ್ಟೆಗೆ ಇಳಿದು ನಿಂತ ನೋವು, ಜ್ವರದೊಡನೆ ಕುತ್ತಿಗೆ ಬಗ್ಗಿಸಲಾಗದಂತಹ ತಲೆನೋವು, ಹಿಂದೆಂದೂ ಕಾಣದಷ್ಟು ತೀವ್ರವಾಗಿ ಸಿಡಿಲೆರಗಿದಂತೆ ಬಂದ ತಲೆನೋವು, ತಲೆಗೆ ಪೆಟ್ಟು ಬಿದ್ದ ಮೇಲಿನ ವಾಂತಿ, ಹಾಲು ಕುಡಿಯದ ಅಥವಾ ಎಚ್ಚರಗೊಳ್ಳದ ಶಿಶು, ಹಾವು ಕಡಿದ ಕಾಲು, ಇವಾವುದಕ್ಕೂ ಒತ್ತಡದ ಉಪಚಾರ ಸಲ್ಲದು. 108 ಸಂಖ್ಯೆಗೆ ದೂರವಾಣಿ ಮಾಡಿ ಆಂಬುಲೆನ್ಸ್ ಕರೆಸುವುದೊಂದೇ ಆ ಹೊತ್ತಿನ ಕರ್ತವ್ಯ.

ಒತ್ತುವ ವಿಧಾನ

ಉಗುರುಗಳನ್ನು ಕತ್ತರಿಸಿ ಕೈಗಳನ್ನು ತೊಳೆದುಕೊಳ್ಳಬೇಕು. ಒತ್ತಿಸಿಕೊಳ್ಳುವವರು ಬೆನ್ನಿಗೆ ಆಸರೆಯಿರುವಂತೆ ಕುಳಿತಿರಲಿ ಅಥವಾ ಮಲಗಿರಲಿ. ಹೊಟ್ಟೆ ತುಂಬ ಉಂಡ ಕೂಡಲೇ ಮಾಡುವುದು ಬೇಡ.

ಬಿಂದುವನ್ನು ಅಳೆಯಲು ಅಳತೆಪಟ್ಟಿಯ ಅಗತ್ಯವಿಲ್ಲ, ಬೆರಳುಗಳೇ ಅಳತೆ. ಆದರೆ ಒಂದು ನಿಯಮವುಂಟು. ಅಳತೆಗೆ ಹಿಡಿಯಬೇಕಾದುದು ನೋವಿರುವವರ ಬೆರಳುಗಳನ್ನೇ ಹೊರತು ಒತ್ತುವವರದನ್ನಲ್ಲ. ಹನ್ನೆರಡು ವರ್ಷದ ಹುಡುಗಿಯ ಮಣಿಕಟ್ಟನ್ನು ತಂದೆಯ ದಪ್ಪ ಬೆರಳುಗಳಿಂದ ಅಳೆದರೆ ಬಿಂದುವು ಎಲ್ಲಿಯೋ ಹೋಗಿ ನಿಲ್ಲುತ್ತದೆ. ನಮ್ಮ ಆಯುರ್ವೇದದಲ್ಲಿಯೂ ರೋಗಿಯ ಶರೀರವನ್ನು ಅವನ ಸ್ವಂತ ಬೆರಳಿನ ಪ್ರಮಾಣದಿಂದಲೇ ಅಳೆಯುವ ಕ್ರಮವಿದ್ದು, ಅದಕ್ಕೆ ಸ್ವಾಂಗುಲ ಪ್ರಮಾಣವೆಂದು ಹೆಸರು.

ಹೆಬ್ಬೆರಳಿನ ತುದಿಯ ಮಾಂಸಲ ಭಾಗವನ್ನು ಬಿಂದುವಿನ ಮೇಲಿಟ್ಟು ಒತ್ತಡವನ್ನು ನಿಧಾನವಾಗಿ ಹೆಚ್ಚಿಸಬೇಕು. ಎಷ್ಟು ಒತ್ತಬೇಕೆಂಬುದನ್ನು ತೀರ್ಮಾನಿಸತಕ್ಕವರು ಒತ್ತಿಸಿಕೊಳ್ಳುವವರೇ. ಆಳದಲ್ಲಿ ಜೋಮು ಹಿಡಿದಂತೆ, ಹಿತವಾದ ನೋವಿನಂತೆ ಅನಿಸಿದರೆ ಅಷ್ಟು ಸಾಕು. ಮುಖ ಕಿವುಚುವಂತಾದರೆ ಅತಿಯಾಯಿತೆಂದು ತಿಳಿಯಬೇಕು. ಬಲವಾಗಿ ಒತ್ತಿದಷ್ಟೂ ಗುಣ ಹೆಚ್ಚೆಂಬ ನಂಬಿಕೆಗೆ ಆಧಾರವಿಲ್ಲ. ಒಂದರಿಂದ ಮೂರು ನಿಮಿಷಗಳವರೆಗೆ ಒಂದೇ ಸಮನೆ ಒತ್ತಿ ಹಿಡಿಯಬಹುದು ಅಥವಾ ಬೆರಳನ್ನು ಎತ್ತದೆ ಸಣ್ಣ ವರ್ತುಲದಲ್ಲಿ ತಿರುಗಿಸಬಹುದು. ಉಸಿರು ಬಿಗಿಹಿಡಿಯಬಾರದು. ಕೈ, ಕಾಲಿನ ಬಿಂದುಗಳನ್ನು ಎರಡೂ ಬದಿಗಳಲ್ಲಿ ಒಂದಾದ ಮೇಲೊಂದರಂತೆ ಒತ್ತುವುದು ವಾಡಿಕೆ. ದಿನಕ್ಕೆ ಎರಡು ಮೂರು ಬಾರಿ ಮಾಡಿದರೆ ತೊಂದರೆಯಿಲ್ಲ. ಒತ್ತಿದ ಜಾಗ ಕಂದಿದರೆ ಅದು ಗುಣದ ಚಿಹ್ನೆಯಲ್ಲ. ಚರ್ಮದಡಿ ರಕ್ತ ಒಸರಿದೆಯೆಂದು ಅರ್ಥ.

ತಲೆನೋವು

ದಿನದ ದುಡಿಮೆಯ ಕೊನೆಗೆ ಹಣೆಯ ಸುತ್ತ ಪಟ್ಟಿ ಕಟ್ಟಿದಂತೆ ಬರುವ ಬಿಗಿತದ ತಲೆನೋವಿಗೆ ಮೂರು ಸ್ಥಾನಗಳು ಉಪಯುಕ್ತ. ಕುತ್ತಿಗೆಯ ಹಿಂಭಾಗದಲ್ಲಿ, ತಲೆಬುರುಡೆಯ ಅಂಚಿನ ಕೆಳಗೆ, ನಡುವಿನ ದಪ್ಪ ಸ್ನಾಯುಗಳ ಎರಡೂ ಬದಿಗೆ ಒಂದೊಂದು ಕುಳಿಯಿದೆ. ಎರಡೂ ಹೆಬ್ಬೆರಳುಗಳನ್ನು ಆ ಕುಳಿಗಳಲ್ಲಿಟ್ಟು, ಉಳಿದ ಬೆರಳುಗಳಿಂದ ತಲೆಯನ್ನು ಹಿಡಿದು, ಸ್ವಲ್ಪ ಮೇಲ್ಮುಖವಾಗಿ ಒತ್ತಬೇಕು. ಎರಡನೆಯದು ಹುಬ್ಬುಗಳ ನಡುವೆ, ನಮ್ಮ ಹೆಂಗಳೆಯರು ಕುಂಕುಮವಿಡುವ ಸ್ಥಾನ. ಇಲ್ಲಿ ನಡುಬೆರಳಿನಿಂದ ಹಗುರವಾಗಿ ಒತ್ತಿದರೆ ಸಾಕು. ಮೂರನೆಯದು ಕೈಯಲ್ಲಿದೆ. ಹೆಬ್ಬೆರಳನ್ನು ತೋರುಬೆರಳಿಗೆ ಅಂಟಿಸಿ ಹಿಡಿದಾಗ ಅಂಗೈಯ ಹಿಂಬದಿಯಲ್ಲಿ ಉಬ್ಬುವ ಮಾಂಸದ ದಿಣ್ಣೆಯ ತುದಿಯೇ ಆ ಬಿಂದು. ಸ್ಥಾನವನ್ನು ಗುರುತಿಸಿಕೊಂಡ ಮೇಲೆ ಕೈಯನ್ನು ಸಡಿಲಬಿಟ್ಟು ತೋರುಬೆರಳಿನ ಮೂಳೆಯ ಕಡೆಗೆ ಒತ್ತಬೇಕು. ಹಲ್ಲುನೋವಿಗೂ ಈ ಬಿಂದುವನ್ನು ಹೇಳುತ್ತಾರೆ. ಆದರೆ ಹುಳುಕು ಹಲ್ಲು ಕೈಯನ್ನು ಒತ್ತಿದುದರಿಂದ ನೆಟ್ಟಗಾಗದು, ದಂತವೈದ್ಯರನ್ನು ಕಾಣುವವರೆಗಿನ ಸಮಾಧಾನ ಮಾತ್ರ. ಗರ್ಭಿಣಿಯರಿಗೆ ಕೈಯ ಈ ಬಿಂದುವನ್ನು ಒತ್ತಕೂಡದೆಂದು ಪದ್ಧತಿಯ ಹಿಂದಿನವರೇ ನಿಷೇಧಿಸಿದ್ದಾರೆ.

ಪದೇ ಪದೇ ತಲೆನೋವು ಬರುವವರು ಒತ್ತುವುದರ ಜೊತೆಗೆ ಕೆಲವು ವಿಷಯಗಳನ್ನು ತಮ್ಮಲ್ಲಿಯೇ ಪರಿಶೀಲಿಸಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಊಟವಾಯಿತೇ? ನೀರು ಕುಡಿದುದೆಷ್ಟು? ನಿದ್ರೆ ಹೇಗಿದೆ? ಒಪ್ಪತ್ತು, ಉಪವಾಸಗಳ ದಿನವೇ ತಲೆನೋವು ಬರುವ ಗೃಹಿಣಿಯರು ಬಹಳ ಮಂದಿ. ನಿತ್ಯ ನಾಲ್ಕೈದು ಲೋಟ ಕಾಫಿ ಕುಡಿಯುವವರು ಒಂದು ದಿನ ಅದನ್ನು ಬಿಟ್ಟರೂ ತಲೆ ಸಿಡಿಯುತ್ತದೆ. ಶಾಲೆಯ ಮಕ್ಕಳಿಗೆ ಓದುವಾಗ ತಲೆನೋವು ಬರುತ್ತಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ, ಬೇಕಾದಲ್ಲಿ ಕನ್ನಡಕ ಕೊಡಿಸುವುದೇ ಸರಿಯಾದ ಉಪಚಾರ.

ವಾಕರಿಕೆ ಮತ್ತು ವಾಂತಿ

ಆಕ್ಯುಪ್ರೆಷರ್‌ನ ಬಿಂದುಗಳಲ್ಲಿ ವಿಜ್ಞಾನಿಗಳು ಅತಿ ಹೆಚ್ಚಾಗಿ ಪರೀಕ್ಷಿಸಿರುವುದು ಮಣಿಕಟ್ಟಿನ ಒಳಬದಿಯ ಬಿಂದುವನ್ನು. ಅಂಗೈಯನ್ನು ಮೇಲ್ಮುಖವಾಗಿ ಹಿಡಿಯಿರಿ. ಮಣಿಕಟ್ಟಿನ ಗೆರೆಯ ಮೇಲೆ ಇನ್ನೊಂದು ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಜೋಡಿಸಿ, ಉಂಗುರಬೆರಳು ಗೆರೆಗೆ ತಾಗುವಂತೆ ಅಡ್ಡಲಾಗಿ ಇಡಿರಿ. ತೋರುಬೆರಳು ಮುಗಿಯುವಲ್ಲಿ, ಮುಂಗೈಯ ನಡುವೆ ಎರಡು ಹುರಿಗಳಂತಹ ಸ್ನಾಯುರಜ್ಜುಗಳು ಕೈಗೆ ಸಿಗುತ್ತವೆ. ಮುಷ್ಟಿ ಕಟ್ಟಿ ಮಣಿಕಟ್ಟನ್ನು ಕೊಂಚ ಬಗ್ಗಿಸಿದರೆ ಅವು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಆ ಎರಡು ಹುರಿಗಳ ನಡುವಿನ ಸಂದಿಯೇ ಬಿಂದು. ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ, ಮತ್ತೊಂದು ಕೈಗೂ ಹಾಗೆಯೇ ಮಾಡಬೇಕು.

ಶಸ್ತ್ರಚಿಕಿತ್ಸೆಯಾದ ಮೇಲೆ ಬರುವ ವಾಕರಿಕೆ ವಾಂತಿಗಳ ಮೇಲೆ ಈ ಬಿಂದುವಿನ ಪ್ರಭಾವವನ್ನು ನಾನಾ ದೇಶಗಳಲ್ಲಿ ಪರೀಕ್ಷಿಸಲಾಗಿದೆ. ಒಟ್ಟು 7,667 ಮಂದಿಯನ್ನೊಳಗೊಂಡ 59 ಪ್ರಯೋಗಗಳನ್ನು 2015ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದರಲ್ಲಿ ಒಟ್ಟುಗೂಡಿಸಿ ನೋಡಿದಾಗ ವಾಕರಿಕೆಯೂ ವಾಂತಿಯೂ ಕಡಿಮೆಯಾದುದು ಕಂಡುಬಂದಿತು. ಬಸುರಿಯರ ಬೆಳಗಿನ ವಾಕರಿಕೆಯ ವಿಷಯದಲ್ಲಿ ಬೆಲ್ಫಾಸ್ಟ್ ನಗರದ ವೈದ್ಯ ಡಂಡೀ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ಆಶಾದಾಯಕ ವರದಿಯನ್ನು ಪ್ರಕಟಿಸಿದರು. ಅನಂತರದ ಪ್ರಯೋಗಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಹೀಗಿದ್ದರೂ ಈ ಬಿಂದುವಿನಿಂದ ತಾಯಿಗಾಗಲೀ ಗರ್ಭಕ್ಕಾಗಲೀ ಕೇಡಿಲ್ಲವಾದುದರಿಂದ, ಔಷಧಿಗೆ ಅಂಜುವ ಬಸುರಿಯು ಬೆಳಿಗ್ಗೆ ಏಳುವ ಮುನ್ನ ಹಾಸಿಗೆಯಲ್ಲಿಯೇ ಇದನ್ನು ಒತ್ತಿಕೊಂಡು ನೋಡಬಹುದು. ಎದ್ದ ಕೂಡಲೇ ಒಣ ಅವಲಕ್ಕಿಯನ್ನೋ ರಸ್ಕನ್ನೋ ಸ್ವಲ್ಪ ತಿನ್ನುವುದು, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಉಣ್ಣುವುದು ಇದರ ಜೊತೆಗಿರಲಿ. ಕುಡಿದ ನೀರೂ ನಿಲ್ಲದೆ ಮೂತ್ರದ ಪ್ರಮಾಣ ಇಳಿದರೆ ಒತ್ತುವುದನ್ನು ಬಿಟ್ಟು ಆಸ್ಪತ್ರೆಗೆ ಹೋಗತಕ್ಕದ್ದು.

ಬಸ್ಸಿನ ಪ್ರಯಾಣದಲ್ಲಿ ವಾಂತಿ ಬರುವವರಿಗೂ ಇದೇ ಬಿಂದುವನ್ನು ಹೇಳುತ್ತಾರೆ. ಚಾರ್ಮಾಡಿಯಲ್ಲಿಯೋ ಆಗುಂಬೆಯಲ್ಲಿಯೋ ಘಟ್ಟದ ತಿರುವುಗಳು ಆರಂಭವಾಗುವುದಕ್ಕೆ ಮೊದಲೇ ಒತ್ತಲು ತೊಡಗಬೇಕು; ವಾಂತಿ ಗಂಟಲಿಗೆ ಬಂದ ಮೇಲೆ ಒತ್ತಿದರೆ ಪ್ರಯೋಜನ ಕಡಿಮೆ. ಮುಂದಿನ ಆಸನದಲ್ಲಿ ಕುಳಿತು ದೂರದ ದಾರಿಯ ಮೇಲೆ ದೃಷ್ಟಿಯಿಡುವುದು, ಓದದಿರುವುದು ಸಹ ಸಹಕಾರಿ.

ಮಕ್ಕಳಿಗೆ ವಾಂತಿಭೇದಿಯಾದಾಗ ಮಾತ್ರ ಈ ಬಿಂದುವಿನ ನೆನಪೂ ಬೇಡ. ಆಗ ಬೇಕಾದುದು ಓಆರ್‌ಎಸ್ ಪುಡಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಕರಗಿಸಿ ಚಮಚ ಚಮಚವಾಗಿ ಕುಡಿಸುವುದು ಮತ್ತು ಎದೆಹಾಲನ್ನು ನಿಲ್ಲಿಸದಿರುವುದು.

ಮುಟ್ಟಿನ ಹೊಟ್ಟೆನೋವು

ಹದಿಹರೆಯದ ಹುಡುಗಿಯರು ಪ್ರತಿ ತಿಂಗಳೂ ಮೂಲೆಯಲ್ಲಿ ಮುದುರಿ ಮಲಗಿ ಈ ನೋವನ್ನು ಅನುಭವಿಸುತ್ತಾರೆ. ಹೆಣ್ಣಾದ ಮೇಲೆ ಇದು ಇದ್ದದ್ದೇ ಎಂದು ಹಿರಿಯರು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಾದ ಕಾರಣವಿಲ್ಲ. ಕಾಲಿನ ಒಳಬದಿಯ ಹರಡಿನ ಮೂಳೆಯ ತುದಿಯಿಂದ ಮೇಲಕ್ಕೆ ಅವಳದೇ ನಾಲ್ಕು ಬೆರಳುಗಳ ಅಗಲವನ್ನು ಅಳೆದು, ಮುಂಗಾಲ ಮೂಳೆಯ ಹಿಂದಿನ ಅಂಚಿನಲ್ಲಿ ಒತ್ತಿದರೆ ಮೆತ್ತಗಿರುವ, ಸ್ವಲ್ಪ ನೋಯುವ ಒಂದು ಸ್ಥಾನ ಸಿಗುತ್ತದೆ. ಎರಡೂ ಕಾಲುಗಳಲ್ಲಿ ಈ ಬಿಂದುವನ್ನು ದಿನಕ್ಕೆ ಕೆಲವು ಬಾರಿ, ಒಂದೊಂದು ನಿಮಿಷ ಒತ್ತಬೇಕು. ಜರ್ಮನಿಯ ಬರ್ಲಿನ್ ನಗರದಲ್ಲಿ 221 ಸ್ತ್ರೀಯರು ಭಾಗವಹಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಗುಂಪಿನವರು ಈ ಬಿಂದುವನ್ನೂ ಕೈ ಮತ್ತು ಪಾದದ ಇನ್ನೆರಡು ಬಿಂದುಗಳನ್ನೂ ತಾವೇ ಒತ್ತಿಕೊಂಡರು. ಒತ್ತದಿದ್ದವರಿಗಿಂತ ಅವರಿಗೆ ನೋವು ಕಡಿಮೆಯಾಯಿತು. ತಿಂಗಳುಗಳು ಕಳೆದಂತೆ ಅಂತರವೂ ಹೆಚ್ಚಿತು. ಒತ್ತದ ಗುಂಪಿಗೆ ಹುಸಿ ಬಿಂದುಗಳನ್ನು ಕೊಟ್ಟಿರಲಿಲ್ಲವಾದುದರಿಂದ ಈ ಫಲದಲ್ಲಿ ನಂಬಿಕೆಯ ಪಾಲೆಷ್ಟು ಎಂಬುದು ಇತ್ಯರ್ಥವಾಗಿಲ್ಲ. ನೋವಿನಲ್ಲಿರುವ ಹುಡುಗಿಗೆ ಈ ಪ್ರಶ್ನೆ ಅಷ್ಟು ಮುಖ್ಯವಲ್ಲ.

ಕಿಬ್ಬೊಟ್ಟೆಯ ಮೇಲೆ ಬಿಸಿನೀರಿನ ಚೀಲವನ್ನಿಡುವುದು ಇದರೊಡನೆ ಸೇರಿದರೆ ಇನ್ನೂ ಒಳ್ಳೆಯದು. ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ರಕ್ತಸ್ರಾವ ಅತಿಯಾಗಿದ್ದರೆ, ಮುಟ್ಟಿಲ್ಲದ ದಿನಗಳಲ್ಲಿಯೂ ನೋವಿದ್ದರೆ ಲೇಡಿ ಡಾಕ್ಟರರನ್ನು ಕಾಣುವುದು ಅವಶ್ಯಕ. ಮುಟ್ಟು ನಿಂತು ಗರ್ಭದ ಸಂಶಯವಿದ್ದಲ್ಲಿ ಈ ಬಿಂದುವನ್ನು ಒತ್ತಕೂಡದು. ಮುಟ್ಟು ತಪ್ಪಿದವಳಿಗೆ ಇದ್ದಕ್ಕಿದ್ದಂತೆ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಬಂದು ತಲೆ ಸುತ್ತಿದರೆ ಗರ್ಭವು ನಾಳದಲ್ಲಿ ನಿಂತು ಒಡೆದಿರುವ ಸಂಭವವುಂಟು. ಅದು ತುರ್ತು ಸ್ಥಿತಿ.

ಸೊಂಟ ಮತ್ತು ಕಾಲು

ಸೊಂಟನೋವಿಗೆ ನಡುವಿನ ಮಟ್ಟದಲ್ಲಿ ಬೆನ್ನುಮೂಳೆಯಿಂದ ಎರಡು ಬೆರಳು ದೂರದಲ್ಲಿ, ಎರಡೂ ಬದಿಗೆ ಒತ್ತಬೇಕು. ಮೂಳೆಯ ಮೇಲೆಯೇ ಎಂದಿಗೂ ಒತ್ತಬಾರದು; ಮಕ್ಕಳನ್ನು ಬೆನ್ನ ಮೇಲೆ ನಿಲ್ಲಿಸಿ ತುಳಿಸಿಕೊಳ್ಳುವ ರೂಢಿ, ಮುಖ್ಯವಾಗಿ ಮೂಳೆ ಸವೆದ ವೃದ್ಧರಲ್ಲಿ, ಅಪಾಯಕ್ಕೆ ದಾರಿ. ಒಬ್ಬರೇ ಇರುವವರು ಗೋಡೆಗೂ ಬೆನ್ನಿಗೂ ನಡುವೆ ರಬ್ಬರ್ ಚೆಂಡೊಂದನ್ನಿಟ್ಟು ಅದಕ್ಕೆ ಒರಗಿ ನಿಲ್ಲಬಹುದು. ತೈವಾನಿನಲ್ಲಿ ದೀರ್ಘಕಾಲದ ಸೊಂಟನೋವಿನ 129 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಕ್ಯುಪ್ರೆಷರ್ ಪಡೆದವರು ಸಾಮಾನ್ಯ ಭೌತಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಉಪಶಮನ ಹೊಂದಿದರು. ಆರು ತಿಂಗಳ ಬಳಿಕವೂ ಆ ಪ್ರಯೋಜನ ಉಳಿದಿತ್ತು. ಅಲ್ಲಿ ಒತ್ತಿದವರು ತರಬೇತಿ ಪಡೆದವರು ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ತಮಗೆ ತಾವೇ ಒತ್ತಿಕೊಂಡ ರೋಗಿಗಳಲ್ಲಿಯೂ ನೋವು ಇಳಿದುದನ್ನು 2019ರ ವರದಿಯೊಂದು ತಿಳಿಸುತ್ತದೆಯಾದರೂ ಅದು 67 ಮಂದಿಯ ಸಣ್ಣ ಅಧ್ಯಯನ.

ಸಂಜೆಯ ಜ್ವರ, ತೂಕ ಇಳಿಯುವಿಕೆ, ರಾತ್ರಿ ಹೆಚ್ಚುವ ಬೆನ್ನುನೋವು ಒಟ್ಟಿಗೆ ಕಂಡರೆ ಬೆನ್ನುಮೂಳೆಯ ಕ್ಷಯವಿರಬಹುದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ತೊಡೆಗಳ ನಡುವೆ ಸ್ಪರ್ಶ ತಿಳಿಯದಿರುವುದು, ಮೂತ್ರದ ಹತೋಟಿ ತಪ್ಪುವುದು ಕಂಡುಬಂದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ನಡೆದು ನಿಂತು ಸೋತ ಕಾಲುಗಳಿಗೆ ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಕುಳಿಯಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಮೂಳೆಯಿಂದ ಒಂದು ಹೆಬ್ಬೆರಳಿನಷ್ಟು ಹೊರಗೆ ಒತ್ತುವುದು ಹಿತಕರ.

ಕೈ ಇಡಬಾರದ ಸ್ಥಳಗಳು

ಕುತ್ತಿಗೆಯ ಮುಂಭಾಗದ ಎರಡೂ ಬದಿಗಳಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ದೊಡ್ಡ ನಾಳಗಳಿವೆ. ಅಲ್ಲಿ ಒತ್ತಿದರೆ ಎಚ್ಚರ ತಪ್ಪಬಹುದು. ಶಿಶುಗಳ ನೆತ್ತಿಯ ಮೃದುಭಾಗ, ಕಣ್ಣುಗುಡ್ಡೆ, ಗಾಯ, ಕುರು, ಸುಟ್ಟ ಚರ್ಮ, ಮೂಳೆ ಮುರಿದಿರುವ ಸಂಶಯವಿರುವ ಕಡೆ, ಕಂಕುಳು ಅಥವಾ ಸ್ತನದಲ್ಲಿ ಕೈಗೆ ಸಿಗುವ ಗಂಟು, ಬಸುರಿಯ ಹೊಟ್ಟೆ, ಇವುಗಳನ್ನು ಮುಟ್ಟಬಾರದು. ಉಬ್ಬಿದ ನೀಲಿ ರಕ್ತನಾಳಗಳನ್ನು ತಿಕ್ಕಬಾರದು. ಒಂದೇ ಮೀನಖಂಡ ಬಾತು, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು; ಒತ್ತಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಬಾಣಂತಿಯರಲ್ಲಿ ಮತ್ತು ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದವರಲ್ಲಿ ಇದು ಅಪರೂಪವೇನಲ್ಲ. ಬಾಣಂತಿಯ ಕಾಲು ನೀವುವ ಹಿರಿಯ ಹೆಂಗಸರು ಮೊದಲು ಎರಡೂ ಕಾಲುಗಳನ್ನು ಹೋಲಿಸಿ ನೋಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಒತ್ತಿಸಿಕೊಳ್ಳದಿರುವುದು ಲೇಸು.

ಪೇಟೆಯಲ್ಲಿ ಸಿಗುವ ಸಾಧನಗಳು

ಜಾತ್ರೆಗಳಲ್ಲಿ, ಪ್ರದರ್ಶನಗಳಲ್ಲಿ, ಬಸ್ ನಿಲ್ದಾಣದ ಹೊರಗೆ ಮುಳ್ಳುಮುಳ್ಳಾದ ಪ್ಲಾಸ್ಟಿಕ್ ಚಪ್ಪಲಿ, ಮರದ ಉರುಳೆ, ಕಾಲಡಿಯ ಹಲಗೆ, ಬೆರಳಿಗೆ ಹಾಕುವ ಸುರುಳಿಯುಂಗುರ ಮುಂತಾದುವು ಮಾರಾಟಕ್ಕಿರುತ್ತವೆ. ಅಂಗಾಲಿನ ಚಿತ್ರದ ಮೇಲೆ ಹೃದಯ, ಮೂತ್ರಕೋಶ, ಯಕೃತ್ತು ಎಂದು ಬರೆದ ಪಟವೊಂದನ್ನೂ ಜೊತೆಗೆ ಕೊಡುತ್ತಾರೆ. ಅಂಗಾಲಿನ ಒಂದೊಂದು ಭಾಗವೂ ಒಳಗಿನ ಒಂದೊಂದು ಅವಯವಕ್ಕೆ ಸೇರಿದೆಯೆಂಬುದಕ್ಕೆ ಪ್ರಮಾಣವಿಲ್ಲ. ಆರೋಗ್ಯವಂತರು ಹತ್ತು ನಿಮಿಷ ಉರುಳೆಯ ಮೇಲೆ ಕಾಲಾಡಿಸಿದರೆ ಹಿತವೆನಿಸಬಹುದು, ಅಷ್ಟೇ.

ಇವುಗಳಿಂದ ನಿಜವಾದ ಕೇಡು ಆಗುವುದು ಸಿಹಿಮೂತ್ರ ರೋಗಿಗಳಿಗೆ. ಹಲವು ವರ್ಷ ಈ ರೋಗವಿದ್ದವರ ಪಾದಗಳಲ್ಲಿ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಕಾಲು ಜೋಮು ಹಿಡಿದಂತಿದೆ, ಹತ್ತಿಯ ಮೇಲೆ ನಡೆದಂತಿದೆ ಎಂದು ಅವರು ಹೇಳುವುದು ಇದನ್ನೇ. ಜೋಮು ಬಿಡಿಸಲೆಂದು ಮುಳ್ಳಿನ ಚಪ್ಪಲಿಯನ್ನು ಮೆಟ್ಟಿಕೊಂಡು ನಡೆದರೆ ಚರ್ಮ ಕಿತ್ತುಬಂದರೂ ನೋವು ತಿಳಿಯುವುದಿಲ್ಲ. ಗುಳ್ಳೆಯು ಹುಣ್ಣಾಗಿ, ಹುಣ್ಣು ಮಾಯದೆ, ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿ ಬರಬಹುದು. ಸಿಹಿಮೂತ್ರವಿರುವವರಿಗೆ ಬೇಕಾದುದು ಮೆತ್ತನೆಯ ಅಡಿಯುಳ್ಳ, ಬೆರಳು ಮುಚ್ಚುವ ಪಾದರಕ್ಷೆ. ಅವರು ಪ್ರತಿರಾತ್ರಿ ಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ದೀಪದ ಬೆಳಕಿನಲ್ಲಿ ತಾವೇ ಪರೀಕ್ಷಿಸಬೇಕು. ಬಗ್ಗಲಾರದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು ಅಥವಾ ಮೊಮ್ಮಕ್ಕಳಿಗೆ ಹೇಳಿ ನೋಡಿಸಬಹುದು. ಅಂಥವರ ಕಾಲು ಒತ್ತುವುದಿದ್ದರೆ ಬರಿಗೈಯಿಂದ, ಪಾದವನ್ನು ಬಿಟ್ಟು, ಮೀನಖಂಡವನ್ನು ಹಗುರವಾಗಿ ಒತ್ತತಕ್ಕದ್ದು. ರಕ್ತದೊತ್ತಡ ಮತ್ತು ಸಿಹಿಮೂತ್ರಗಳ ಮಾತ್ರೆಗಳನ್ನು, ಒತ್ತಿಸಿಕೊಂಡ ಮೇಲೆ ಮೈ ಹಗುರವಾಯಿತೆಂಬ ಕಾರಣಕ್ಕೆ, ಒಂದು ದಿನವೂ ನಿಲ್ಲಿಸಬಾರದು. ಮುಂದಿನ ಸಲ ಆರೋಗ್ಯ ಕೇಂದ್ರಕ್ಕೆ ಹೋದಾಗ ಮನೆಯಲ್ಲಿ ಏನೇನು ಒತ್ತಿಸಿಕೊಳ್ಳುತ್ತಿದ್ದೀರಿ ಎಂಬುದನ್ನು ವೈದ್ಯಾಧಿಕಾರಿಗಳಿಗೆ ತಿಳಿಸಿ, ಪಾದಗಳನ್ನೂ ಒಮ್ಮೆ ಅವರಿಗೆ ತೋರಿಸಿರಿ.